ಒಂದು ಸಾಲು ಹೆಚ್ಚಿಗೆ

ಸೇಡಂ ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆ ಟೈಪು ಮಾಡುವುದು ನನ್ನ ಕೆಲಸ. ಮೊನ್ನೆ ನಮ್ಮ ಜವಾನ ಬಾಗಿಲಿಗೆ ಹೋಗಿ ಒಬ್ಬ ಸಾಕ್ಷಿಯ ಹೆಸರನ್ನು ಮೂರು ಸಲ ಕೂಗಿದ. ಹೊರಗೆ ಬೇವಿನ ಗಿಡದ ಕೆಳಗೆ ಕೂತವರು ಯಾರೂ ಏಳಲಿಲ್ಲ. "ಕೂಗಿಸಲಾಯಿತು, ಗೈರುಹಾಜರು" ಎಂದು ಟೈಪು ಮಾಡಿದೆ. ಎಷ್ಟೋ ವರ್ಷಗಳಿಂದ ಹೊಡೆಯುತ್ತಿರುವ ಮಾತು, ಬೆರಳಿಗೆ ಬಾಯಿಪಾಠ. ಆದರೂ ಮೊನ್ನೆ ಅದನ್ನು ನೋಡಿದ್ದೇ ಅಪ್ಪನ ನೆನಪಾಗಿ, ಮುಂದಿನ ಸಾಕ್ಷಿಯ ಹೆಸರನ್ನೇ ತಪ್ಪು ಹೊಡೆದೆ.

ಸಾಕ್ಷಿ ಎಂದರೆ ನಿಮಗೆ ಕೋರ್ಟು ನೆನಪಾಗಬಹುದು. ನಮ್ಮ ಕ್ರೈಸ್ತರಲ್ಲಿ ಅದಕ್ಕೆ ಇನ್ನೊಂದು ಅರ್ಥವಿದೆ. ಭಾನುವಾರದ ಆರಾಧನೆಯಲ್ಲಿ ಸಭಾಪಾಲಕರು "ಯಾರದರ ಸಾಕ್ಷಿ ಅದ ಏನ್ರಿ?" ಎಂದು ಕೇಳುತ್ತಾರೆ. ದೇವರಿಂದ ಒಳ್ಳೆಯದನ್ನು ಕಂಡವರು ಎದ್ದು ನಿಂತು ಹೇಳುತ್ತಾರೆ. ಒಬ್ಬಳಿಗೆ ಮಗು ಹುಟ್ಟಿದೆ, ಒಬ್ಬನಿಗೆ ವಾಡಿಯ ಸಿಮೆಂಟು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ. ಕಳೆದ ಎಮ್ಮೆ ಸಿಕ್ಕಿದ್ದಕ್ಕೂ ಸಾಕ್ಷಿ ಹೇಳಿದವರನ್ನು ಕಂಡಿದ್ದೇನೆ. ಎಮ್ಮೆ ಸಿಗದವರು ಕೂತಲ್ಲೇ ಹಲ್ಲೆಲೂಯ ಅನ್ನುತ್ತಾರೆ.

ಆಗ ನಾವು ಶಹಾಬಾದಿನಲ್ಲಿದ್ದೆವು. ಅಪ್ಪ ಫರ್ಶಿ ಕಲ್ಲಿನ ಗಣಿಯಲ್ಲಿ ಇಪ್ಪತ್ತು ವರ್ಷ ಕಲ್ಲು ಒಡೆದ. ನಮ್ಮ ದೇವಾಲಯದ ನೆಲಕ್ಕೆ ಹಾಸಿದ್ದೂ ಅದೇ ಕಲ್ಲು. ಅದರ ಧೂಳು ಅಪ್ಪನ ಎದೆ ಸೇರಿತು. ದಮ್ಮು ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಿದ್ದ. ಡಾಕ್ಟರು ಬಾಯಿಗೆ ಹೊಡೆದುಕೊಳ್ಳುವ ನೀಲಿ ಪಂಪು ಕೊಟ್ಟಿದ್ದರು. ಅವ್ವ ಹಳೆಯ ರವಿಕೆಯ ಬಟ್ಟೆಯಲ್ಲಿ ಅದಕ್ಕೊಂದು ಚೀಲ ಹೊಲಿದಿದ್ದಳು.

ಮನೆಯಲ್ಲಿ ವಾರಗಟ್ಟಲೆ ಉಪವಾಸ ಪ್ರಾರ್ಥನೆ ನಡೆಯಿತು. ಅಪ್ಪನಿಗೆ ಸ್ವಲ್ಪ ಹಗುರವಾಯಿತು. ಅಷ್ಟಕ್ಕೇ ಸಭಾಪಾಲಕರು ಮನೆಗೆ ಬಂದು, "ಪೂರಾ ಆರಾಮ ಆಗೂತನಕ ಕಾಯಬ್ಯಾಡ್ರಿ. ನಂಬಿಕಿ ಇದ್ರ ಮೊದ್ಲೇ ಸಾಕ್ಷಿ ಹೇಳ್ರಿ, ಉಳದಿದ್ದು ದೇವ್ರು ಮಾಡ್ತಾನ" ಅಂದರು. ಅಪ್ಪನಿಗೆ ಸಭೆಯಲ್ಲಿ ಮಾತು ಬರುತ್ತಿರಲಿಲ್ಲ. "ತಮ್ಮಾ, ನೀ ಬರದುಕೊಡು. ನಾ ನೋಡಿ ಓದ್ತೀನಿ" ಎಂದು ನನಗೆ ಹೇಳಿದ.

ನಾನು ಪಿಯುಸಿ ಎರಡನೆಯ ವರ್ಷದಲ್ಲಿದ್ದೆ. ಚಿತ್ತಾಪುರದಲ್ಲಿ ನಡೆದ ಪ್ರಬಂಧ ಸ್ಪರ್ಧೆಯಲ್ಲಿ ಬಹುಮಾನ ಬಂದು ತಲೆ ತಿರುಗಿತ್ತು. ಕೊನೆಯ ಸಾಲಿಗೆ ಚಪ್ಪಾಳೆ ಬೀಳಬೇಕು, ಇಲ್ಲದಿದ್ದರೆ ಅದು ಬರವಣಿಗೆಯೇ ಅಲ್ಲ ಎಂಬುದು ಆಗಿನ ನನ್ನ ಸಿದ್ಧಾಂತ. ಅಪ್ಪ ಹೇಳಿದ್ದು ಮೂರೇ ಮಾತು: ಬೇನೆ ಇತ್ತು, ಪ್ರಾರ್ಥನೆ ಮಾಡಿದೆವು, ಈಗ ಸ್ವಲ್ಪ ಆರಾಮ. ನಾನು 'ಸ್ವಲ್ಪ'ವನ್ನು ತೆಗೆದೆ. ಕೊನೆಗೆ "ಇನ್ನು ನನಗೆ ಪಂಪು ಬೇಡ, ಕರ್ತನೇ ನನ್ನ ಉಸಿರು" ಎಂದು ಸೇರಿಸಿದೆ. ಅಪ್ಪ ತಡವರಿಸುತ್ತ ಓದಿದ. ಆ ಸಾಲಿಗೆ ಇಡೀ ಸಭೆ ಚಪ್ಪಾಳೆ ತಟ್ಟಿತು. ಮೂರ್ಖ ನಾನು, ಅದು ನನಗೆ ಬಿದ್ದ ಚಪ್ಪಾಳೆ ಎಂದು ಹಿಗ್ಗಿದೆ.

ಮರುದಿನದಿಂದ ಅಪ್ಪ ಪಂಪನ್ನು ಬಚ್ಚಲುಮನೆಯಲ್ಲಿ ಕದ್ದು ಹೊಡೆದುಕೊಳ್ಳತೊಡಗಿದ. ಆಮೇಲೆ ಅದನ್ನೂ ಬಿಟ್ಟ. ಅವ್ವ ಬೈದಳು, ಅತ್ತಳು. "ಕರ್ತನ ಮುಂದ ಓದೀನಿ. ಸುಳ್ಳಾಗಬಾರ್ದು" ಅನ್ನುವುದೊಂದೇ ಅವನ ಉತ್ತರ. ಆ ಸಾಲು ನಿನ್ನದಲ್ಲ ಅಪ್ಪ, ನನ್ನದು, ಎಂದು ನಾನು ಹೇಳಬಹುದಿತ್ತು. ನಾಚಿಕೆಯಾಗಿ ಸುಮ್ಮನಿದ್ದೆ.

ಮೂರನೆಯ ಭಾನುವಾರ ದೇವಾಲಯದ ಮೆಟ್ಟಿಲ ಮೇಲೆ ಅಪ್ಪನಿಗೆ ದಮ್ಮು ಹತ್ತಿತು. ಪಂಪು ಮನೆಯಲ್ಲಿತ್ತು. ನಾನು ಓಡಿದೆ. ನನ್ನ ಹಿಂದೆ ಇಡೀ ಸಭೆ "ಯೇಸಪ್ಪಾ, ಯೇಸಪ್ಪಾ" ಎಂದು ಕೂಗುವುದು ಕೇಳುತ್ತಿತ್ತು. ಚೀಲ ಹಿಡಿದು ಓಡಿ ಬಂದಾಗಲೂ ಅವರು ಕೂಗುತ್ತಲೇ ಇದ್ದರು. ಅಪ್ಪ ಹೋಗಿಬಿಟ್ಟಿದ್ದ.

ಮಣ್ಣು ಮಾಡಿದ ದಿನವೇ ಯಾರೋ "ನಂಬಿಕಿ ಕಮ್ಮಿ ಬಿತ್ತು" ಅಂದರು. ಕಮ್ಮಿಯೆ? ನಂಬಿಕೆಗಾಗಿ ಉಸಿರನ್ನೇ ಬಿಟ್ಟವನಿಗೆ ಆ ಮಾತು. ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ. ಮುಂದಿನ ಭಾನುವಾರ ಸಾಕ್ಷಿಯ ಹೊತ್ತಿಗೆ ಅವ್ವ ಎದ್ದು ನಿಂತಳು. ಸಭಾಪಾಲಕರು ಅವಳನ್ನು ನೋಡಿದರು, ನೋಡಿ ಹಾಡು ಎತ್ತಿಕೊಂಡರು. ಹಾಡು ಮುಗಿಯುವವರೆಗೆ ನಿಂತಿದ್ದು ಅವ್ವ ಕೂತಳು. ಅದರ ಮುಂದಿನ ಎರಡು ವಾರವೂ ಹೀಗೆಯೇ ಆಯಿತು. ಕೋರ್ಟಿನಲ್ಲಿ ತಿರುಗಿಬಿದ್ದ ಸಾಕ್ಷಿಗೂ ಮಾತಾಡಲು ಬಿಡುತ್ತಾರೆ. ನಾನು ಅಂದಿನಿಂದ ದೇವಾಲಯ ಬಿಟ್ಟೆ. ಅವ್ವ ಮಾತ್ರ ಒಂದು ಭಾನುವಾರವೂ ತಪ್ಪಿಸಲಿಲ್ಲ. ಅದಕ್ಕಾಗಿ ಅವಳ ಮೇಲೂ ನನಗೆ ಸಿಟ್ಟಿತ್ತು.

ಅವ್ವ ಈಗ ಸೇಡಂನಲ್ಲಿ ನನ್ನ ಜೊತೆಗೇ ಇದ್ದಾಳೆ. ಮೊನ್ನೆ ಕೋರ್ಟಿನಿಂದ ಬಂದಾಗ ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದಳು. ಇಷ್ಟು ವರ್ಷ ಕೇಳದಿದ್ದುದನ್ನು ಕೇಳಿದೆ.

"ಅವ್ವಾ, ಆವಾಗ ಏನ್ ಹೇಳಾಕ ಎದ್ದು ನಿಂತಿದ್ದಿ?"

ಅವಳು ತಲೆ ಎತ್ತಲಿಲ್ಲ. "ಕೂಗಿದ್ವಿ, ಕರ್ತ ಓಗೊಡಲಿಲ್ಲ ಅಂತ. ಅದೂ ಸಾಕ್ಷಿನೇ ಅಲ್ಲೇನು?" ಒಂದು ಹರಳು ಆರಿಸಿ ಎಸೆದಳು. "ಇಲ್ಲಿ ಸಭಾದಾಗ ಹೊಸ ಅಯ್ಯನೋರು ಬಂದಾರ. ಮಾತ್ ಕೇಳ್ತಾರ. ಬರದುಕೊಡು, ಈ ಐತವಾರ ಓದ್ತೀನಿ."

ಕಾಗದ, ಪೆನ್ನು ತಂದು ಕೂತೆ. ಆಗ ಅವ್ವ ನನ್ನ ಮುಖ ನೋಡಿದಳು.

"ಈ ಸಲ ಒಂದ್ ಸಾಲೂ ಹೆಚ್ಚಿಗಿ ಬರೀಬ್ಯಾಡ, ತಮ್ಮಾ."

ಈ ಸಲ. ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ಇಷ್ಟು ವರ್ಷ ನನಗೆ ಉಣ್ಣಲಿಕ್ಕೆ ಬಡಿಸಿದ್ದಳು. ಅವ್ವ ಮತ್ತೆ ಬೇಳೆಯ ಕಡೆ ತಿರುಗಿ, ನಿಧಾನವಾಗಿ ಹೇಳುತ್ತ ಹೋದಳು. ಬೇನೆ ಇತ್ತು. ಕೂಗಿದೆವು. ಓಗೊಡಲಿಲ್ಲ. ಗಂಡ ಸತ್ತ. ಅಷ್ಟನ್ನು ಬರೆದು ಪೆನ್ನು ಮುಚ್ಚಿದೆ.

"ಮುಗೀಲಿಲ್ಲ," ಅಂದಳು. "ಇನ್ನೂ ಕೂಗಾಕತ್ತೀನಿ ಅಂತ ಬರಿ."

ನನ್ನದಾಗಿದ್ದರೆ ಆ ಸಾಲನ್ನು ಹೊಡೆದುಹಾಕುತ್ತಿದ್ದೆ. ಸಾಕ್ಷಿ ಅವಳದು, ಬರೆದೆ. ಕೋರ್ಟಿನ ಪದ್ಧತಿಯಂತೆ ಮೊದಲಿನಿಂದ ಓದಿ ಹೇಳಿದೆ. ಅವ್ವ ಕೇಳಿ, "ಸರಿ ಅದ" ಅಂದಳು.