ಬೇರೆ ಇಟ್ಟ ತಾಟು

ಮೊದಲು ಕೆಮ್ಮು. ಬಟ್ಟೆಯ ಧೂಳು ಗಂಟಲಿಗೆ ಹೋಗಿರಬೇಕು ಅಂದುಕೊಂಡೆ. ಯಲಬುರ್ಗಾದಲ್ಲಿ ಹೊಲಿಗೆ ಮಷೀನ್ ತುಳಿಯುವ ನನಗೆ ಅದೇನು ಹೊಸದೇ? ಮೂರು ವಾರವಾದರೂ ನಿಲ್ಲಲಿಲ್ಲ. ಸಂಜೆಯಾದರೆ ಜ್ವರ. ಆಸ್ಪತ್ರೆಯಲ್ಲಿ ಕಫದ ಟೆಸ್ಟ್ ಮಾಡಿಸಿದರು.

ಟಿಬಿ.

ಸಾಯುತ್ತೇನೆಂದು ಹೆದರಲಿಲ್ಲ. ಅಕ್ಕನ ಮಗಳು ಸುಮಾಳನ್ನು ಒಯ್ದುಬಿಡುತ್ತಾರೆಂದು ಹೆದರಿದೆ. ಅಕ್ಕ ತೀರಿಕೊಂಡ ಮೇಲೆ, ಅಪ್ಪನ ಪತ್ತೆಯೇ ಇಲ್ಲದ ಆ ಏಳು ವರ್ಷದ ಕೂಸನ್ನು ಮಕ್ಕಳ ಕಲ್ಯಾಣ ಸಮಿತಿಯವರು ಕೊಪ್ಪಳಕ್ಕೆ ಕರೆಸಿ ನನ್ನ ಕೈಗೊಪ್ಪಿಸಿದ್ದರು. ರೋಗ ಇದ್ದವಳ ಹತ್ತಿರ ಮಗುವನ್ನು ಯಾರು ಬಿಡುತ್ತಾರೆ? ಗುಳಿಗೆಗಳನ್ನು ಜೋಳದ ಡಬ್ಬಿಯಲ್ಲಿ ಮುಚ್ಚಿಟ್ಟೆ. ಯಾರಿಗೂ ಬಾಯಿ ಬಿಡಲಿಲ್ಲ.

ನಾವಿಬ್ಬರೂ ಒಂದೇ ತಾಟಿನಲ್ಲಿ ಉಣ್ಣುವವರು. ತಾಟು ಬೇರೆ ಮಾಡಿದೆ. ಅವಳ ಹಾಸಿಗೆ ಪಡಸಾಲೆಗೆ ಹೋಯಿತು. ಹತ್ತಿರ ಬಂದರೆ ಗದರಿದೆ. ಕಾರಣ ಹೇಳಲಿಲ್ಲ. ಅಷ್ಟು ಸಣ್ಣವಳ ಬಾಯಲ್ಲಿ ಮಾತು ನಿಲ್ಲುತ್ತದೆಯೇ!

ಸಮಿತಿಯ ಕಡೆಯಿಂದ ಮನೆ ನೋಡಲು ಮೇಡಂ ಬಂದರು. ಮೂಲೆಯ ಸಣ್ಣ ತಾಟು, ಪಡಸಾಲೆಯ ಕೌದಿ, ಎರಡನ್ನೂ ನೋಡಿ ಸುಮಾಳನ್ನು ವಿಚಾರಿಸಿದರು.

"ಚಿಗವ್ವ ಈಗ ನನ್ನ ಮುಟ್ಟಂಗಿಲ್ರಿ. ನಾ ಏನ್ ತಪ್ಪ್ ಮಾಡೇನೋ ಗೊತ್ತಿಲ್ರಿ."

ಮೇಡಂ ನನ್ನತ್ತ ತಿರುಗಿದರು. "ಹಿಂಗ ಬ್ಯಾರೆ ಇಟ್ರ ಕೂಸಿನ್ನ ಇಲ್ಲಿ ಹೆಂಗ ಬಿಡೂದ್ರಿ, ಅಕ್ಕಾರ?"

ಅಯ್ಯ ಶಿವನೇ! ಯಾವುದು ಬೇಡವೆಂದು ಇಷ್ಟೆಲ್ಲ ಮಾಡಿದ್ದೆನೋ ಅದೇ ಬಾಗಿಲಿಗೆ ಬಂದಿತ್ತು. ಡಬ್ಬಿ ಎಳೆದು ಗುಳಿಗೆಗಳನ್ನು ಅವರ ಮುಂದೆ ಸುರಿದೆ. ಜೋಳವೂ ಚೆಲ್ಲಿತು.

"ನನಗ ಟಿಬಿ ಐತ್ರಿ. ಆಕಿಗಿ ಹತ್ತಬಾರ್ದಂತ ದೂರ ಇಟ್ಟೇನ್ರಿ. ಒಯ್ಯಬ್ಯಾಡ್ರಿ!" ಎಂದು ಅತ್ತುಬಿಟ್ಟೆ.

ಮೇಡಂ ಚೆಲ್ಲಿದ ಗುಳಿಗೆಗಳನ್ನು ಆರಿಸಿ ನನ್ನ ಕೈಗಿಟ್ಟರು. "ಮೊದಲ ಹೇಳಬಾರ್ದೇನ್ರಿ? ನಾವ್ ಬರೀ ಕಸಗೊಳ್ಳಾಕ ಬರ್ತೀವೇನು?"

ಮರುದಿನ ತಾವೇ ಜೊತೆಗೆ ಬಂದು ಇಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ದರು. ಸುಮಾಳ ಎಕ್ಸ್-ರೇ ಚೆನ್ನಾಗಿತ್ತು. ನಾನು ತಾಟಿನ ವಿಷಯ ಹೇಳಿದಾಗ ಡಾಕ್ಟರ್ ನಕ್ಕರು. "ತಾಟಿನಿಂದ ಹತ್ತೂದಿಲ್ರಿ, ಕೆಮ್ಮಿದ ಗಾಳಿಯಿಂದ. ಮಾಸ್ಕ್ ಹಾಕ್ಕೋರಿ, ಗುಳಿಗಿ ತಪ್ಪಿಸಬ್ಯಾಡ್ರಿ." ತಿಳಿಯದೆ ಕೂಸಿನ ಜೀವ ಎಷ್ಟು ನೋಯಿಸಿದ್ದೆ ಎಂದು ನಾಚಿಕೆಯಾಯಿತು. ಆದರೂ ಉಣ್ಣುವಾಗ ಮಾಸ್ಕ್ ತೆಗೆಯಬೇಕಲ್ಲ ಎಂದು ಕೋರ್ಸ್ ಮುಗಿಯುವವರೆಗೆ ತಾಟು ಬೇರೆಯೇ ಇಟ್ಟೆ. ಸಮಿತಿಯವರು ಅವಳನ್ನು ನನ್ನ ಹತ್ತಿರವೇ ಬಿಟ್ಟರು. ಮೇಡಂ ತಿಂಗಳಿಗೊಮ್ಮೆ ಬಂದರು. ದಿನಾ ಗುಳಿಗೆ ನೆನಪಿಸುವುದು ಸುಮಾಳ ಕೆಲಸವಾಯಿತು. ನನಗಿಂತ ಅವಳದೇ ಜೋರು!

ಆರು ತಿಂಗಳ ಕೋರ್ಸ್ ಮುಗಿದಿದೆ. ರಿಪೋರ್ಟ್ ನೆಗೆಟಿವ್. ಮತ್ತೆ ಬರುವುದೇ ಇಲ್ಲ ಎಂದು ಡಾಕ್ಟರ್ ಮಾತು ಕೊಟ್ಟಿಲ್ಲ, ನಾನೂ ಕೇಳಿಲ್ಲ. ನಿನ್ನೆ ನನ್ನ ತಾಟಿಗೇ ರೊಟ್ಟಿ, ಪಲ್ಯ ಹಾಕಿಕೊಂಡು ಕರೆದೆ.

"ಬಾರವ್ವ, ಒಂದ್ರಾಗ ಉಣ್ಣೂಣು."

ಅವಳು ಬಾಗಿಲಲ್ಲೇ ನಿಂತಳು. "ಇನ್ನೊಮ್ಮಿ ಏನರ ಆದ್ರ ಮೊದಲ ನನಗ ಹೇಳ್ತೀ?"

"ಹೇಳ್ತೀನವ್ವ."

ಆಮೇಲೆಯೇ ಬಂದು ಕೂತು ರೊಟ್ಟಿ ಮುರಿದಳು.