ಗಿಟಾರಿನ ಬೆನ್ನಿಗೆ ಅಕ್ಷತೆ

ಬೇರೆಯವರ ಬಾಯಿಂದ ಕೇಳಿ ನೀವು ನಗುವ ಮೊದಲು ನಾನೇ ಹೇಳಿಬಿಡುತ್ತೇನೆ. ತಂಗಿಯ ಎಲೆಕ್ಟ್ರಿಕ್ ಗಿಟಾರು ಡಬ್ಬಿಯೊಳಗೆ ಸಿಕ್ಕಿಕೊಂಡ ಜೀರುಂಡೆಯ ಹಾಗೆ ಝರ್ರೆನ್ನತೊಡಗಿದ್ದು ನನ್ನ ಕೈಗುಣದಿಂದ. ನುಡಿಸಲು ಬಾರದವನೂ ಗಿಟಾರನ್ನು ಕೆಡಿಸಬಲ್ಲ. ಅದಕ್ಕೆ ವಿಶೇಷ ತರಬೇತಿಯೇನೂ ಬೇಡ.

ಸಾಗರದ ಒಂದು ಸಣ್ಣ ಆರ್ಕೆಸ್ಟ್ರಾದಲ್ಲಿ ನಾನು ಮಿಮಿಕ್ರಿ ಮಾಡುವವನು. ಎರಡು ಹಾಡುಗಳ ನಡುವೆ ಗಾಯಕರು ನೀರು ಕುಡಿಯುತ್ತಾರಲ್ಲ, ಆಗ ಚಳಿಗೆ ಸ್ಟಾರ್ಟ್ ಆಗದ ಜೀಪು, ಚಿಲ್ಲರೆ ಕೇಳುವ ಕಂಡಕ್ಟರು, ಊಟಕ್ಕೆ ಕೂತ ಹೊಸ ಅಳಿಯ ಎಲ್ಲರೂ ನನ್ನ ಗಂಟಲಿನಿಂದ ಹೊರಬರುತ್ತಾರೆ. ಇದರಲ್ಲಿ ನನ್ನ ಸ್ವಂತ ದನಿ ಯಾವುದೆಂದು ಅಮ್ಮನಿಗೇ ಈಗೀಗ ಅನುಮಾನ. ಫೋನು ಎತ್ತಿದರೆ ಮೊದಲು "ಯಾರು ಮಾತಾಡದು?" ಎನ್ನುತ್ತಾಳೆ.

ತಂಗಿಯೆಂದರೆ ಹೊಸನಗರದ ಚಿಕ್ಕಮ್ಮನ ಮಗಳು. ಗಿಟಾರನ್ನು ಫೋನು ನೋಡಿಕೊಂಡೇ ಕಲಿತವಳು. ನಮ್ಮ ತಂಡದ ಯಜಮಾನರು ಮಕ್ಕಳಿಗೆ ಕೀಬೋರ್ಡ್ ಪಾಠ ಹೇಳುವುದರಿಂದ ಊರಿಗೆಲ್ಲ ಮೇಷ್ಟ್ರು. ತಂಗಿ ಅವರ ಹಿಂದೆ ತಿರುಗಿ ತಿರುಗಿ ಕೊನೆಗೆ ಒಪ್ಪಿಸಿದ್ದಳು. ತೀರ್ಥಹಳ್ಳಿಯಲ್ಲಿ ಒಂದು ಮದುವೆ ರಿಸೆಪ್ಷನ್, ಮೊದಲ ಹಾಡಿನ ಶುರುವಿಗೆ ಬರೀ ಗಿಟಾರು, ಬೇರೆ ಯಾರೂ ಉಸಿರೆತ್ತುವಂತಿಲ್ಲ. ಅವಳಿಗದು ಮೊದಲ ಸ್ಟೇಜು. ಒಪ್ಪಿಗೆ ಸಿಕ್ಕ ದಿನ ಅವಳು ನನಗೆ ಮಸಾಲೆ ದೋಸೆ ಕೊಡಿಸಿದಳು ಎಂದರೆ ಖುಷಿ ಎಷ್ಟಿತ್ತು ಎಂದು ಲೆಕ್ಕ ಹಾಕಿ.

ನಡುವೆ ಆಯುಧಪೂಜೆ ಬಂತು. ರಿಹರ್ಸಲ್ ರೂಮಿನಲ್ಲಿ ವಾದ್ಯಗಳನ್ನೆಲ್ಲ ಚಾಪೆಯ ಮೇಲೆ ಸಾಲಾಗಿ ಇಟ್ಟೆವು. "ಎದುರಿಗೆ ಕುಂಕುಮ ಹಚ್ಚಡ ಮಾರಾಯ, ಬಿಳಿ ಪ್ಲೇಟು, ಕಲೆ ಆಗ್ತು" ಎಂದು ತಂಗಿ ಗಿಟಾರನ್ನು ಬೋರಲು ಮಲಗಿಸಿದಳು. ಕರೆದಿದ್ದ ಭಟ್ಟರು ಬರಲಿಲ್ಲ. ಆ ದಿನ ಊರಿನ ಲಾರಿ, ಜೆಸಿಬಿಗಳೆಲ್ಲ ಅವರಿಗಾಗಿ ಕಾಯುತ್ತಿದ್ದವು. ಸರಿ, ಭಟ್ಟರ ಪಾತ್ರಕ್ಕೆ ನಾನಿದ್ದೆನಲ್ಲ! ಮಂತ್ರ ಬಾರದಿದ್ದರೇನು, ಮೂಗಿನಿಂದ ಹೊರಡುವ ಆ ಧಾಟಿ ಚೆನ್ನಾಗಿ ಬರುತ್ತಿತ್ತು. ಶಲ್ಯ ಹೊದ್ದೆ, ವಾಚು ನೋಡಿಕೊಂಡೆ, ನಡುವೆ ಫೋನಿನಲ್ಲಿ "ಹೊರಟೆ, ಹೊರಟೆ, ದಾರೀಲಿದ್ದೆ" ಎಂದೂ ಹೇಳಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಜನ ನಕ್ಕರೆ ನನಗೆ ಕೈ ನಿಲ್ಲುವುದಿಲ್ಲ. ನಾಲ್ಕು ಕಾಳು ಹಾಕಬೇಕಾದ ಕಡೆ ಮುಷ್ಟಿ ಮುಷ್ಟಿ ಅಕ್ಷತೆ ಎರಚಿ, ಬೋರಲು ಮಲಗಿದ್ದ ಗಿಟಾರಿಗೆ "ದೀರ್ಘ ಸುಮಂಗಲೀ ಭವ" ಎಂದು ಆಶೀರ್ವಾದ ಮಾಡಿದೆ.

ಸದ್ದು ಶುರುವಾದದ್ದು ಅದರ ಮುಂದಿನ ವಾರ, ರಿಹರ್ಸಲಿಗೆ ಮತ್ತೆ ಸೇರಿದಾಗ. ಅದೂ ಎಲ್ಲ ಸ್ವರಕ್ಕಲ್ಲ, ಒಂದೇ ಒಂದು ಸ್ವರಕ್ಕೆ. ಆ ಒಂದು ಸ್ವರ ಯಾವುದೆಂದರೆ, ತೀರ್ಥಹಳ್ಳಿಯ ಹಾಡು ಶುರುವಾಗುವ ಸ್ವರ. ತಂಗಿ ತಂತಿ ಮೀಟಿದರೆ ಮೊದಲು ಚೆಂದದ ನಾದ, ಅದರ ಬಾಲಕ್ಕೆ ಝರ್ರ್.

ನಾನು ಪತ್ತೇದಾರನಾದೆ. ಮೊದಲ ಆರೋಪಿ ಆಂಪು, ಅಂದರೆ ಗಿಟಾರಿನ ಸದ್ದು ದೊಡ್ಡದು ಮಾಡುವ ಪೆಟ್ಟಿಗೆ. ಎರಡನೆಯದು ಕೇಬಲ್ಲು. ಕೇಬಲ್ ಬದಲಿಸಿದೆವು, ಝರ್ರ್. ಕಿಟಕಿಯ ಗಾಜು ಹಿಡಿದುಕೊಂಡೆ, ಚಹಾದ ಲೋಟಗಳನ್ನು ಹೊರಗಿಟ್ಟೆ, ಡ್ರಮ್ಮಿನ ಹುಡುಗನನ್ನೂ ಹೊರಗೆ ಕಳಿಸಿದೆ, ಝರ್ರ್. ತಂಗಿ ತಂತಿ ಹೊಸದು ಹಾಕಿದಳು, ತಲೆಯ ಬಳಿಯ ತಿರುಪುಗಳನ್ನೆಲ್ಲ ಬಿಗಿ ಮಾಡಿದಳು. ನಾನು ಅಷ್ಟಕ್ಕೆ ಸುಮ್ಮನಿರಬೇಕೋ ಬೇಡವೋ? ಟೀವಿಯ ಡಾಕ್ಟರ ಗಂಭೀರ ದನಿಯಲ್ಲಿ, "ಇದು ವಾದ್ಯದ ಕಾಯಿಲೆ ಅಲ್ಲ, ನುಡಿಸುವವರ ಬೆರಳಿನ ದೌರ್ಬಲ್ಯ" ಎಂದೆ.

"ನಿನ್ನ ನಾಲಗೆಗೆ ಒಂದು ದೌರ್ಬಲ್ಯ ಬತ್ತಿಲ್ಲೆ ನೋಡು" ಎಂದಳು. ಆದರೆ ನಗಲಿಲ್ಲ. ಕಣ್ಣು ತುಂಬಿಕೊಂಡಿತ್ತು.

ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿ ಹೇಳಿದರು: "ನೋಡಮ್ಮಾ, ನಾಡಿದ್ದು ತೀರ್ಥಹಳ್ಳೀಲಿ ಈ ಸದ್ದು ಇರಬಾರದು. ಇದ್ರೆ ಶುರುವಿನ ಆ ತುಣುಕನ್ನ ನಾನೇ ಕೀಬೋರ್ಡಲ್ಲಿ ಹೊಡೀತೀನಿ. ಗಿಟಾರ್ ಟೋನ್ ಅದ್ರಲ್ಲೂ ಇದೆ. ನೀನು ಮುಂದಿನ ಪ್ರೋಗ್ರಾಮಿಗೆ ಬಾ."

ಮುಂದಿನ ಪ್ರೋಗ್ರಾಮು ಎಂಬುದು ಮೇಷ್ಟ್ರ ಬಾಯಲ್ಲಿ ಮುಂದಿನ ಜನ್ಮಕ್ಕೆ ಸಮ. ನನಗೇ ಗೊತ್ತು, ಮುಂದಿನ ಪ್ರೋಗ್ರಾಮಿನಲ್ಲಿ ಹಾಡಿಸುತ್ತೇನೆಂದು ನನಗೂ ಹೇಳಿದ್ದರು.

ಮಾರನೆಯ ದಿನ ಅವಳ ಜೊತೆ ನಾನೂ ಹೊಸನಗರಕ್ಕೆ ಹೋದೆ. ಚಿಕ್ಕಮ್ಮನ ಅಡುಗೆಮನೆಯ ಪಕ್ಕದ ಊಟದ ಮೇಜಿನ ಮೇಲೆ ಗಿಟಾರನ್ನಿಟ್ಟು, ಆಂಪಿನ ಸ್ವಿಚ್ ಒತ್ತಿದರೆ ಕರೆಂಟಿಲ್ಲ. ಲೈನ್‌ಮ್ಯಾನಿಗೆ ಫೋನು ಮಾಡಿದರೆ ಅವರು ಕಂಬದ ಮೇಲಿದ್ದರು. "ಆತಲ, ಮುಗತ್ತು" ಎಂದು ತಂಗಿ ಬೇಸರದಿಂದ ಸುಮ್ಮನೆ ತಂತಿ ಮೀಟಿದಳು. ಕಿವಿಯನ್ನು ಗಿಟಾರಿನ ಮೈಗೆ ಇಟ್ಟುಕೊಂಡಿದ್ದವಳು ತಟ್ಟನೆ ತಲೆಯೆತ್ತಿದಳು.

"ಕರೆಂಟಿಲ್ಲೆ. ಆದ್ರೂ ಸದ್ದು ಇದ್ದು!"

ಹಾಗಾದರೆ ಆಂಪು ನಿರಪರಾಧಿ, ಕೇಬಲ್ಲೂ ನಿರಪರಾಧಿ. ಕಳ್ಳ ಮನೆಯೊಳಗೇ ಇದ್ದ. ಈಗ ಅವಳು ಗಿಟಾರಿನ ಮೈಮೇಲೆಲ್ಲ ಒತ್ತಿ ನೋಡಬೇಕು, ಎಲ್ಲಿ ಒತ್ತಿದರೆ ಸದ್ದು ನಿಲ್ಲುತ್ತದೋ ಅಲ್ಲಿ ಕಳ್ಳ. ಆದರೆ ಒಂದು ಕೈ ತಂತಿ ಮೀಟಲು, ಇನ್ನೊಂದು ಸ್ವರ ಹಿಡಿಯಲು, ಒತ್ತುವುದಕ್ಕೆ ಮೂರನೆಯ ಕೈ ಎಲ್ಲಿಂದ ತರುವುದು? ನಾನು ಮೀಟಿದೆ. ತಂತಿ ನರಳಿದ ಬಗೆ ಕೇಳಿ ಅವಳು ನನ್ನ ಕೈ ಮೇಲೆ ಹೊಡೆದಳು. ಆಮೇಲೆ ನನ್ನನ್ನೇ ನೋಡುತ್ತ ನಿಂತಳು. ಅವಳ ಮುಖ ನಿಧಾನವಾಗಿ ಅರಳಿತು.

"ನೀ ಎಲ್ಲರ ದನಿ ತೆಗಿತೆ ಅಲ್ದ? ಈ ಸ್ವರ ತೆಗಿ."

ತಂತಿಗಳ ಮೇಲೆ ಟವೆಲು ಬಿಗಿದು ಅವುಗಳ ಬಾಯಿ ಮುಚ್ಚಿಸಿದಳು. ನಾನು ಮೇಜಿನ ಮೇಲೆ ಬಗ್ಗಿ, ಗಿಟಾರಿನ ಮರಕ್ಕೆ ಬಾಯಿ ತಾಗಿಸುವಷ್ಟು ಹತ್ತಿರ ತಂದು, ಗಂಟಲು ಕಟ್ಟುವಷ್ಟು ಜೋರಾಗಿ ಆ ಸ್ವರ ಹಿಡಿದೆ. ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ, ಸರಿಯಾಗಿ ಕೂತ ಕೂಡಲೇ ಗಿಟಾರು ಝರ್ರ್ ಎಂದು ಉತ್ತರ ಕೊಟ್ಟಿತು! ತಂತಿಯೂ ಅಲ್ಲ ಹಾಗಾದರೆ. ಜೀವಮಾನದಲ್ಲಿ ನನ್ನ ಹಾಡಿಗೆ ದನಿಗೂಡಿಸಿದ್ದು ಆ ಗಿಟಾರೊಂದೇ.

ಚಿಕ್ಕಮ್ಮ ಹಿತ್ತಿಲಿನಿಂದ ಓಡಿ ಬಂದರು. "ಮಿಕ್ಸಿ ಹಚ್ಚಿದ್ದು ಯಾರೇ? ಕರೆಂಟೇ ಇಲ್ಲೆ!"

"ಮಿಕ್ಸಿ ಅಲ್ದೇ ಅಮ್ಮಾ, ಅಣ್ಣ" ಎಂದಳು ತಂಗಿ, ಗಿಟಾರಿನಿಂದ ಕಣ್ಣು ತೆಗೆಯದೆ. "ನೀ ನಿಲ್ಸಡ, ನಿಲ್ಸಡ!"

ಉಸಿರು ಎಳೆದುಕೊಂಡು ಮತ್ತೆ ಹಿಡಿದೆ. ಅವಳು ಎದುರಿನ ಪ್ಲೇಟು ಒತ್ತಿದಳು, ಸದ್ದು ಇತ್ತು. ಗುಂಡಿಗಳನ್ನು ಹಿಡಿದಳು, ಇತ್ತು. ಕುತ್ತಿಗೆ ಹಿಡಿದಳು, ಇತ್ತು. ಚಿಕ್ಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಉಸಿರು ಸಾಲದೆ ನನಗೆ ಕಣ್ಣು ಮಂಜಾಗತೊಡಗಿತ್ತು. ಅವಳು ಕೈಯನ್ನು ಅಡಿಗೆ ತೂರಿಸಿ ಗಿಟಾರಿನ ಬೆನ್ನಿನ ಮುಚ್ಚಳವನ್ನು ಅದುಮಿದಳು. ಸದ್ದು ಒಮ್ಮೆಗೇ ನಿಂತಿತು. ಕೈ ಬಿಟ್ಟಳು, ಬಂತು. ಅದುಮಿದಳು, ನಿಂತಿತು.

ಸ್ಕ್ರೂಡ್ರೈವರ್ ತಂದು ಮುಚ್ಚಳ ತೆಗೆದಳು. ಆ ಮುಚ್ಚಳದಲ್ಲಿ ತಂತಿ ಪೋಣಿಸುವುದಕ್ಕೆಂದು ಒಂದು ಉದ್ದನೆಯ ಕಂಡಿ ಇದೆಯೆಂದು ನನಗೆ ಗೊತ್ತಾದದ್ದೇ ಆಗ. ಒಳಗೆ ಸ್ಪ್ರಿಂಗುಗಳು. ಸ್ಪ್ರಿಂಗುಗಳ ಸಂದಿಯಲ್ಲೆಲ್ಲ ಹಳದಿ ಹಳದಿ ಅಕ್ಕಿಕಾಳು, ಜೊತೆಗೆ ಒಣಗಿದ ಒಂದು ಸೇವಂತಿಗೆ ಎಸಳು. ಆ ಒಂದು ಸ್ವರಕ್ಕೆ ಮಾತ್ರ ಒಂದು ಸ್ಪ್ರಿಂಗು ನಡುಗುತ್ತಿತ್ತು, ನಡುಗಿದಾಗ ಕಾಳಿಗೆ ತಾಗಿ ಝರ್ರೆನ್ನುತ್ತಿತ್ತು. ಇಷ್ಟೇ.

ನಾನು ಮೆಲ್ಲಗೆ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟೆ.

ತಂಗಿ ಕಾಳುಗಳನ್ನು ನೋಡಿದಳು, ನನ್ನನ್ನು ನೋಡಿದಳು. ಬೈಯುತ್ತಾಳೆಂದು ಕಿವಿ ಮುಚ್ಚಿಕೊಳ್ಳಲು ಸಿದ್ಧನಾಗಿದ್ದೆ. ಅವಳು ನೆಲದ ಮೇಲೆ ಕೂತು ನಗತೊಡಗಿದಳು. ಎಷ್ಟು ನಕ್ಕಳೆಂದರೆ ಅತ್ತಳು, ಅತ್ತು ಮತ್ತೆ ನಕ್ಕಳು. ಆಯುಧಪೂಜೆಯ ಕಥೆ ಕೇಳಿ ಚಿಕ್ಕಮ್ಮ ಕಾಳುಗಳನ್ನು ಒಂದೊಂದಾಗಿ ಅಂಗೈಗೆ ಆರಿಸಿಕೊಂಡರು. ಅಕ್ಷತೆಯನ್ನು ತುಳಿಯುವ ಜಾಗಕ್ಕೆ ಹಾಕಬಾರದಲ್ಲ, ದಾಸವಾಳದ ಬುಡಕ್ಕೆ ಹಾಕಿ ಬಂದರು. "ಪೂಜೆ ಚೊಲೋ ಮಾಡಿದ್ದೆ ಮಾಣಿ, ಗರ್ಭಗುಡಿ ಒಳಗೇ ಮುಟ್ಸಿದ್ದೆ" ಎಂದು ನನ್ನ ಬೆನ್ನು ತಟ್ಟಿದರು. ತಂಗಿ ಬ್ರಷ್ಷಿನಿಂದ ಒಳಗೆಲ್ಲ ಗುಡಿಸಿ, ಟಾರ್ಚು ಹಾಕಿ ನೋಡಿ, ಬೋರಲು ಹಾಕಿ ಕೊಡವಿ, ಆಮೇಲೆ ಮುಚ್ಚಳ ಹಾಕಿದಳು. ಮೀಟಿದಳು. ಸ್ವರ ಬಾವಿಯ ನೀರಿನ ಹಾಗೆ ತಿಳಿಯಾಗಿತ್ತು.

ತೀರ್ಥಹಳ್ಳಿಯ ಕಲ್ಯಾಣಮಂಟಪಕ್ಕೆ ನಾವು ಮುಟ್ಟಿದಾಗ ಮೇಷ್ಟ್ರು ಆಗಲೇ ವೈರು ಎಳೆಸುತ್ತಿದ್ದರು. ತಂಗಿ ಆ ಸ್ವರವನ್ನು ನುಡಿಸಿ ತೋರಿಸಿದಳು. ಅವರು ಕಣ್ಣು ಮುಚ್ಚಿ ಕೇಳಿದರು, ಇನ್ನೊಮ್ಮೆ ಎಂದರು, ಮತ್ತೂ ಒಮ್ಮೆ ಎಂದರು. ಎಲ್ಲೂ ಝರ್ರ್ ಇಲ್ಲ. ಕಾರಣ ಕೇಳಿದರು. ನಾನು ಭಟ್ಟರ ದನಿಯಲ್ಲಿ ಕಥೆಯನ್ನೆಲ್ಲ ಹೇಳಿದೆ. ನಗಿಸಲು ಹೋಗಿ ಕೆಡಿಸುವುದು ನನಗೆ ಹೊಸದಲ್ಲವಲ್ಲ. ಮೇಷ್ಟ್ರ ಕನ್ನಡಕ ಹಣೆಗೇರಿತು.

"ಕಾಳು ತೆಗೆದ್ರಿ, ಸಂತೋಷ. ಒಂದು ಒಳಗೇ ಉಳಿದಿದ್ರೆ? ಹಾಡಿನ ಮಧ್ಯ ಉರುಳಿದ್ರೆ? ರಿಸ್ಕ್ ಬೇಡಮ್ಮಾ. ಶುರು ನಾನೇ ಕೀಬೋರ್ಡಲ್ಲಿ ಹೊಡೀತೀನಿ. ಮುಂದಿನ ಪ್ರೋಗ್ರಾಮಿಗೆ ನೋಡಣ."

ನಾನು ಬಾಯಿ ತೆರೆದೆ. ತಂಗಿ ನನ್ನ ಕಾಲು ತುಳಿದು ಮುಚ್ಚಿಸಿದಳು. ಆಮೇಲೆ ಅವಳು ಬಹಳ ವಿನಯದಿಂದ ಆಡಿದ ಮಾತಿಗೆ ಮೇಷ್ಟ್ರ ಕನ್ನಡಕ ಹಣೆಯಿಂದ ಕೆಳಗಿಳಿಯಿತು. ಆ ಸಂಜೆ ಹಾಡು ಗಿಟಾರಿನಿಂದಲೇ ಶುರುವಾಯಿತು, ಮಂಟಪಕ್ಕೆ ಮಂಟಪವೇ ತಿರುಗಿ ನೋಡಿತು. ಅವಳು ಹೇಳಿದ್ದಿಷ್ಟು:

"ಮೇಷ್ಟ್ರೇ, ನಿಮ್ಮ ಕೀಬೋರ್ಡಿಗೂ ಪೂಜೆ ಮಾಡಿದ್ದು ಇವನೇ. ನನ್ನ ಗಿಟಾರು ಬಿಚ್ಚಿ ನೋಡಿ ಆಗಿದೆ, ನಿಮ್ಮದು ಇನ್ನೂ ಬಿಚ್ಚಿಲ್ಲ."