ಹದಿನೆಂಟಲ್ಲ, ಹದಿನಾಲ್ಕು

ಬೆಳಗಿನ ಆರು ಗಂಟೆ. ದಿಮ್ಮಿ ತುಂಬಿದ ಲಾರಿ ಸೌದೆ ಡಿಪೋದ ಅಂಗಳಕ್ಕೆ ಬಂದು ನಿಲ್ಲುತ್ತದೆ. ಎಲ್ಲರ ಬಾಯಲ್ಲೂ ‘ಕಣ್ಣಳತೆ ಅಕ್ಕ’ ಆಗಿರುವ ಐವತ್ತೆರಡರ ಹೆಂಗಸು ಅದರ ಸುತ್ತ ಒಂದು ಸುತ್ತು ಬರುತ್ತಾರೆ. ಸಂದಿಗಳಿಗೆ ಮೊಣಕೈವರೆಗೆ ಕೈ ತೂರಿಸುತ್ತಾರೆ. ಕೊಡಲಿಯ ಹಿಂಬದಿಯಿಂದ ನಾಲ್ಕೈದು ದಿಮ್ಮಿಗೆ ಬಡಿದು ಕಿವಿಗೊಡುತ್ತಾರೆ. ಒಂದು ಪೊಳ್ಳು.

“ಸೀಳಿ ಜೋಡಿಸಿದ್ರೆ ಹದಿನಾಲ್ಕು ಅಟ್ಟಿ.”

ಅಟ್ಟಿಯೆಂದರೆ ಒಂದಾಳುದ್ದ, ಎದೆಮಟ್ಟ ಪೇರಿಸಿದ ಸೌದೆ. ಟೇಪು ಹಿಡಿದ ಮೇಲ್ವಿಚಾರಕರು ಉದ್ದ, ಅಗಲ, ಎತ್ತರ ಗುಣಿಸಿ ಹದಿನೆಂಟು ಎನ್ನುತ್ತಾರೆ. ಯಾರ ಮಾತು ಸರಿಯೆಂದು ಇವತ್ತು ಎಲ್ಲರೆದುರು ಸೀಳಿಯೇ ನೋಡಬೇಕು. ಅಕ್ಕ ಎರಡು ತಿಂಗಳು ಬೆನ್ನುಬಿದ್ದು ಒಪ್ಪಿಸಿದ ಪರೀಕ್ಷೆ ಇದು.

ಇಪ್ಪತ್ತೆರಡು ವರ್ಷದಿಂದ ದಿನಕ್ಕೆ ಆರು ಲಾರಿ ನೋಡುವ ಕಣ್ಣು ಅದು. ಗುಟ್ಟು ಕೇಳಿದರೆ ನಗುತ್ತಾರೆ. “ಮರ ನೋಡಬಾರ್ದು, ಸಂದಿ ನೋಡಬೇಕು. ಡೊಂಕು ದಿಮ್ಮಿ ಅಂದ್ರೆ ಮುನಿಸಿಕೊಂಡ ಗಂಡ ಹೆಂಡ್ತಿ. ಒಂದೇ ಹಾಸಿಗೇಲಿ ಮಲಗಿದ್ರೂ ಮಧ್ಯೆ ಜಾಗ ಬಿಡ್ತವೆ.”

ಈ ವರ್ಷ ಬಂದ ಮೇಲ್ವಿಚಾರಕರಿಗೆ ಕಣ್ಣಳತೆ ಎಂದರೆ ಅಜ್ಜಿಕತೆ. ಪ್ರತಿ ಲಾರಿಗೂ ಹದಿನೆಂಟು ಬರೆದರು. ಸೀಳಿದರೆ ಹದಿನಾಲ್ಕೇ. ಉಳಿದ ನಾಲ್ಕು ಎಲ್ಲಿ ಹೋಯಿತು? ಸೌದೆ ಸೀಳುವ ಮೂವರು ಹೆಂಗಸರು ಕದ್ದರಂತೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಸ್ವಾಮಿ, ಸಂದಿಯ ಗಾಳಿಯನ್ನು ಕದ್ದು ಯಾರು ಎಲ್ಲಿಗೆ ಹೊತ್ತೊಯ್ಯುತ್ತಾರೆ? ಮೂವರನ್ನೂ ಅದೇ ದಿನ ಹೊರಗೆ ಹಾಕಿದರು. ಅವರಲ್ಲೊಬ್ಬಳು ಅಕ್ಕನ ಒಡಹುಟ್ಟಿದ ತಂಗಿ.

“ಅವಳು ಈಗ ನಲ್ಲಿ ನೀರಿಗೂ ಎಲ್ಲರೂ ಹೋದ ಮೇಲೆ ಹೋಗ್ತಾಳೆ,” ಎನ್ನುತ್ತಾರೆ ಅಕ್ಕ. “ಬೀದೀಲಿ ಮಕ್ಕಳು ಕೂಡ ಕಳ್ಳಿ ಅಂತಾವೆ. ನನ್ನ ಲೆಕ್ಕ ಕೇಳಿದ್ರೆ ಇದಾಗ್ತಿತ್ತಾ?”

ಕೇಳಿರಲಿಲ್ಲ. ಅಕ್ಕ ಹೇಳಿದಾಗಲೆಲ್ಲ ಆಫೀಸಿನದು ಜಾಣಕಿವುಡು. ಪರೀಕ್ಷೆ ನೋಡಲು ಬಂದು ಈ ವರದಿ ಬರೆಯುವಾಗಲೂ ನನಗೆ ಮೈ ಉರಿಯುತ್ತಿದೆ.

ಗರಗಸ, ಕೊಡಲಿ ಮಧ್ಯಾಹ್ನ ಮೂರರವರೆಗೆ ನಿಲ್ಲುವುದಿಲ್ಲ. ಗೇಟು ಮುಚ್ಚಿದೆ, ಒಂದು ಸಿಬಿರೂ ಹೊರಗೆ ಹೋಗಿಲ್ಲ. ಗೋಡೆಗುಂಟ ಅಟ್ಟಿ ಏಳುತ್ತವೆ. ಹತ್ತು, ಹನ್ನೆರಡು, ಹದಿಮೂರು. ಹದಿನಾಲ್ಕನೆಯದು ತುಂಬಲು ಒಂದೇ ಒಂದು ತೆಕ್ಕೆ ಸೌದೆ ಕಡಿಮೆ.

“ಆ ಪೊಳ್ಳು ದಿಮ್ಮಿ ಇಷ್ಟು ಪೊಳ್ಳು ಅಂದ್ಕೊಂಡಿರಲಿಲ್ಲ,” ಎಂದು ಅಕ್ಕ ತಮ್ಮ ಮೇಲೇ ಸಿಡುಕುತ್ತಾರೆ. ನಾಲ್ಕು ಅಟ್ಟಿ ತಪ್ಪಿದ ಮೇಲ್ವಿಚಾರಕರು ಟೇಪು ಸುತ್ತಿ ಜೇಬಿಗೆ ಹಾಕಿಕೊಂಡು, “ಸರಿ, ಇನ್ಮೇಲೆ ನೀವು ಹೇಳಿದ್ದೇ ಬರ್ಕೊಳ್ಳೋಣ,” ಎನ್ನುತ್ತಾರೆ. ಆ ಮೂವರ ವಿಷಯ ಏನೆಂದು ನಾನು ಕೇಳಿದರೆ, “ಅದು ಮುಗಿದ ವಿಷಯ ಅಲ್ವಾ?”

ಗೇಟಿನ ಪಕ್ಕದ ಕರಿಹಲಗೆಯಲ್ಲಿ ಮೂವರ ಹೆಸರೂ, ಕೆಳಗೆ ‘ಕಳ್ಳತನಕ್ಕಾಗಿ ವಜಾ’ ಎಂದೂ ಇನ್ನೂ ಇದೆ. ಅಕ್ಕ ನನ್ನನ್ನು ಅಲ್ಲಿಗೆ ಕರೆದೊಯ್ಯುತ್ತಾರೆ. “ನನಗೆ ಹೊಗಳಿಕೆ ಬೇಡಪ್ಪ. ಇದೇ ಹಲಗೆ ಮೇಲೆ, ಇಷ್ಟೇ ದಪ್ಪ ಅಕ್ಷರದಲ್ಲಿ ‘ಇವರು ಕದ್ದಿಲ್ಲ’ ಅಂತ ಬರೀಲಿ. ಸಾಕು.”

ಅಷ್ಟರಲ್ಲಿ ಇನ್ನೊಂದು ಲಾರಿ ಒಳಗೆ ಬರುತ್ತದೆ. ಮೇಲ್ವಿಚಾರಕರು ಪುಸ್ತಕ ತೆರೆದು, ಪೆನ್ನು ಹಿಡಿದು ಕೂಗುತ್ತಾರೆ: “ಅಕ್ಕಾ, ಇದು ಎಷ್ಟು?”

ಅಕ್ಕ ಲಾರಿಯನ್ನು ಮೇಲಿಂದ ಕೆಳಗೆ ಒಮ್ಮೆ ನೋಡುತ್ತಾರೆ. ಕಟ್ಟೆಯ ಮೇಲೆ ಕೂರುತ್ತಾರೆ.

“ಗೊತ್ತಾಯ್ತು. ಹಲಗೆ ಮೇಲೆ ಬರೆದು ಬನ್ನಿ, ಹೇಳ್ತೀನಿ.”